ಟ್ರ್ಯಾಪ್ ಫ್ರೇಮ್ ಮೀಮಾಂಸೆ

ಪ್ರೊಸೆಸರು ಕೈಲಿದ್ದ ಕೆಲಸವನ್ನು ಅರ್ಧಕ್ಕೇ ಬಿಟ್ಟು ಕರ್ನಲ್ ಒಳಗೆ ಬರುವಾಗ ರಿಜಿಸ್ಟರುಗಳ ಬೆಲೆಗಳು ಸ್ಟ್ಯಾಕಿನ ಮೇಲೆ ಒಂದು ಕ್ರಮದಲ್ಲಿ ಕೂರುತ್ತವೆ. ಈ ರಾಶಿಗೆ ಟ್ರ್ಯಾಪ್ ಫ್ರೇಮ್ ಎಂದು ಹೆಸರು. ಯಾವುದರ ಪಕ್ಕ ಯಾವುದು ಎಂಬುದನ್ನು ಸಿ ಭಾಷೆಯ ಸ್ಟ್ರಕ್ಟ್ ಆಗಿ ನಿರೂಪಿಸುವುದು ಈ ಶಾಸ್ತ್ರದ ವಿಷಯ. ಅಧಿಕಾರಿ ಯಾರೆಂದರೆ, ಅಸೆಂಬ್ಲಿ ಓದಬಲ್ಲ, ಓದಿದ್ದನ್ನು ಮರೆಯಲಾಗದ ದುರದೃಷ್ಟವಂತ. ಪ್ರಯೋಜನ, ಯಂತ್ರ ನಡುರಾತ್ರಿ ಕೈಕೊಡದಿರುವುದು. ಸಂಬಂಧ, ಸ್ಟ್ರಕ್ಟಿಗೂ ಸ್ಟ್ಯಾಕಿಗೂ ಇರತಕ್ಕದ್ದು. ಅದು ನಿಜಕ್ಕೂ ಇದೆಯೇ ಎಂದು ಕಂಪೈಲರು ವಿಚಾರಿಸುವ ಗೋಜಿಗೆ ಹೋಗುವುದಿಲ್ಲ. ಅನುಬಂಧ ಚತುಷ್ಟಯ ಇಲ್ಲಿಗೆ ಪೂರೈಸಿತು.

ಫ್ರೇಮಿನಲ್ಲಿ ಎರಡು ಭಾಗ. ಪ್ರೊಸೆಸರು ತಾನಾಗಿ ಇಟ್ಟದ್ದು ಶ್ರುತಿ. ಅದಕ್ಕೆ ತಿದ್ದುಪಡಿಯಿಲ್ಲ, ತಯಾರಕರ ಕೈಪಿಡಿಯೇ ಪ್ರಮಾಣ. ಕರ್ನಲ್ ತಳ್ಳಿದ್ದು ಸ್ಮೃತಿ. ಅದು ಆಯಾ ಕಾಲದ ಪ್ರೋಗ್ರಾಮರರ ಮರ್ಜಿ. ವಿರೋಧ ಬಂದಲ್ಲಿ ಶ್ರುತಿಯೇ ಬಲಿಷ್ಠ. ಎಕ್ಸ್86ರ 64 ಬಿಟ್ ಅವಸ್ಥೆಯಲ್ಲಿ ಶ್ರುತಿಗೆ ಐದು ಪದ: ಎಸ್‌ಎಸ್, ಆರ್‌ಎಸ್‌ಪಿ, ಆರ್‌ಫ್ಲ್ಯಾಗ್ಸ್, ಸಿಎಸ್, ಆರ್‌ಐಪಿ. ಲಿನಕ್ಸ್ ಇದಕ್ಕೆ ಹದಿನೈದು ರಿಜಿಸ್ಟರುಗಳ ಸ್ಮೃತಿಯನ್ನೂ ನಡುವೆ ಒಂದು ವಿವಾದಿತ ಸ್ಥಾನವನ್ನೂ ಸೇರಿಸುತ್ತದೆ. ಪಿಟಿ ರೆಗ್ಸ್ ಎಂಬ ಸ್ಟ್ರಕ್ಟಿನಲ್ಲಿ ಹೀಗೆ 21 ಪದ, ತಲಾ 8 ಬೈಟಿನಂತೆ 168 ಬೈಟು. ಸ್ಟ್ಯಾಕು ಕೆಳಮುಖವಾಗಿ ಬೆಳೆಯುವುದರಿಂದ ಕೊನೆಗೆ ತಳ್ಳಿದ ಆರ್15 ಸ್ಟ್ರಕ್ಟಿನಲ್ಲಿ ಮೊದಲು, ಎಲ್ಲಕ್ಕೂ ಮುಂಚೆ ಬಂದ ಎಸ್‌ಎಸ್ ಕೊನೆಗೆ. ಹಿಂದುಮುಂದಾಗಿ ಪಠಿಸುವುದು ಇಲ್ಲಿ ದೋಷವಲ್ಲ, ವಿಧಿ. 32 ಬಿಟ್ ಶಾಖೆಯವರ ಪಾಡು ಇನ್ನೂ ಕಷ್ಟದ್ದು: ಕರ್ನಲ್ ಒಳಗಿದ್ದಾಗಲೇ ಟ್ರ್ಯಾಪ್ ಆದರೆ ಎಸ್‌ಎಸ್, ಇಎಸ್‌ಪಿ ಎರಡನ್ನೂ ಪ್ರೊಸೆಸರು ಇಡುವುದೇ ಇಲ್ಲ. ಸ್ಟ್ರಕ್ಟಿನಲ್ಲಿ ಹೆಸರುಂಟು, ಸ್ಟ್ಯಾಕಿನಲ್ಲಿ ವಸ್ತುವಿಲ್ಲ.

ವಿವಾದಿತ ಸ್ಥಾನದ ವಿಚಾರ. ಕೆಲವು ಎಕ್ಸೆಪ್ಷನ್‌ಗಳಲ್ಲಿ ಪ್ರೊಸೆಸರು ಐದರ ಜೊತೆ ಎರರ್ ಕೋಡ್ ಎಂಬ ಆರನೆಯದನ್ನೂ ಇಡುತ್ತದೆ, ಮಿಕ್ಕವುಗಳಲ್ಲಿ ಇಡುವುದಿಲ್ಲ. ಯಾಕೆ ಹೀಗೆ ಎಂದು ಕೇಳುವುದು ಶ್ರುತಿನಿಂದೆ. ಎಂಐಟಿಯಲ್ಲಿ 2006ರಲ್ಲಿ ಪಾಠಕ್ಕೆಂದು ಶುರುವಾದ ಎಕ್ಸ್‌ವಿ6 ಎಂಬ ಕರ್ನಲ್ಲಿನ 32 ಬಿಟ್ ಎಕ್ಸ್86 ರೂಪವು 8, 10ರಿಂದ 14, ಮತ್ತು 17 ಎಂಬ ಏಳು ವೆಕ್ಟರುಗಳನ್ನು ಮಾತ್ರ ಎರರ್ ಕೋಡ್ ಉಳ್ಳವೆಂದು ಅಂಗೀಕರಿಸಿ, 256ರಲ್ಲಿ ಉಳಿದ 249ಕ್ಕೆ ತಾನೇ ಒಂದು ಸೊನ್ನೆಯನ್ನು ತಳ್ಳುತ್ತದೆ. ಇಷ್ಟೊಂದು ಸುಳ್ಳು ಕೈಯಿಂದ ಬರೆಯುವುದು ಶ್ರಮವಾದ್ದರಿಂದ ಅದಕ್ಕೊಂದು ಪರ್ಲ್ ಸ್ಕ್ರಿಪ್ಟ್ ನೇಮಕವಾಗಿದೆ. ಲಿನಕ್ಸ್ ಸೊನ್ನೆಯ ಬದಲು -1 ಇಡುತ್ತದೆ, ಯಾಕೆಂದರೆ ಅದೇ ಸ್ಥಾನದಲ್ಲಿ ಸಿಸ್ಟಮ್ ಕಾಲ್ ಸಂಖ್ಯೆಯೂ ಕೂರುವುದುಂಟು, ಸೊನ್ನೆ ಆ ಪೈಕಿ ಒಂದು ಸಾಚಾ ಸಂಖ್ಯೆ.

ಇನ್ನು ಒಇಎಸ್‌ಪಿ. ಎಕ್ಸ್‌ವಿ6ರಲ್ಲಿ ಪುಷಲ್ ಎಂಬ ಒಂದೇ ಸೂಚನೆ ಎಂಟು ರಿಜಿಸ್ಟರುಗಳನ್ನು ಇಡುತ್ತದೆ, ಅವುಗಳಲ್ಲಿ ಹಳೆಯ ಇಎಸ್‌ಪಿಯೂ ಸೇರಿದೆ. ವಾಪಸು ತೆಗೆಯುವ ಪೊಪಲ್ ಅದೊಂದನ್ನು ಮಾತ್ರ ಮುಟ್ಟದೆ ದಾಟುತ್ತದೆ. ಇದು ನಿರುಪಯುಕ್ತ, ಇದನ್ನು ಗಣಿಸುವುದಿಲ್ಲ ಎಂದು ಕೋಡಿನ ಟಿಪ್ಪಣಿಯೇ ಒಪ್ಪಿಕೊಂಡಿದೆ. ಪೂರ್ವಪಕ್ಷ: ಹಾಗಿದ್ದರೆ ಆ ಸಾಲನ್ನು ಸ್ಟ್ರಕ್ಟಿನಿಂದ ತೆಗೆದುಬಿಡಬಾರದೇಕೆ? ಸಿದ್ಧಾಂತ: ತೆಗೆದರೆ ಅದರ ನಂತರದ ಹೆಸರುಗಳೆಲ್ಲ ನಾಲ್ಕು ಬೈಟು ಹಿಂದಕ್ಕೆ ಸರಿಯುತ್ತವೆ. ಇಬಿಎಕ್ಸ್ ಕೇಳಿದವನಿಗೆ ಹಳೆಯ ಇಎಸ್‌ಪಿ ಸಿಗುತ್ತದೆ, ಇಐಪಿ ಕೇಳಿದವನಿಗೆ ಎರರ್ ಕೋಡ್. ಕಂಪೈಲರಿನಿಂದ ಚಕಾರವಿಲ್ಲ. ಆದಕಾರಣ ನಿರುಪಯುಕ್ತವಾದದ್ದು ಅನಿವಾರ್ಯ. ಅದೇ ಸ್ಟ್ರಕ್ಟಿನಲ್ಲಿ ಹದಿನಾರು ಬಿಟ್ಟಿನ ಸೆಗ್ಮೆಂಟುಗಳ ಪಕ್ಕ ಜಾಗ ತುಂಬಲು ಪ್ಯಾಡಿಂಗ್1ರಿಂದ ಪ್ಯಾಡಿಂಗ್6ರವರೆಗೆ ಆರು ಪದಗಳಿವೆ. ಏನೂ ಇಲ್ಲದ್ದಕ್ಕೆ ಕ್ರಮಸಂಖ್ಯೆ ಕೊಡುವ ಶಿಸ್ತು ಬೇರೆ ದರ್ಶನಗಳಲ್ಲಿ ಅಪರೂಪ.

ಪ್ರಾಚೀನರ ಮತ. 1975ರ ಯುನಿಕ್ಸ್ ಆರನೆಯ ಆವೃತ್ತಿ ಪಿಡಿಪಿ-11 ಯಂತ್ರದ್ದು. ಅಲ್ಲಿ ಸ್ಟ್ರಕ್ಟಿನ ಬದಲು ಆರ್0 ನಿಂತ ಜಾಗದಿಂದ ಅಳೆದ ಅಂಕಿಗಳ ಪಟ್ಟಿ: ಆರ್0ಕ್ಕೆ 0, ಆರ್1ಕ್ಕೆ -2, ಆರ್2ಕ್ಕೆ -9, ಆರ್3ಕ್ಕೆ -8, ಆರ್4ಕ್ಕೆ -7, ಆರ್5ಕ್ಕೆ -6, ಆರ್6ಕ್ಕೆ -3, ಆರ್7ಕ್ಕೆ 1. ಮೊದಲ ನೋಟಕ್ಕೆ ಯಾರೋ ಚೀಟಿ ಎತ್ತಿ ಹಂಚಿದಂತೆ ಕಾಣುವ ಈ ಪಟ್ಟಿ ಕಠೋರವಾಗಿ ಕ್ರಮಬದ್ಧ. ಧನಸಂಖ್ಯೆ ಶ್ರುತಿಯದು. ಆರ್1, ಆರ್6 ಅಸೆಂಬ್ಲಿ ಕೈಯಾರೆ ಇಟ್ಟವು. -6ರಿಂದ -9ರವರೆಗಿನ ನಾಲ್ಕನ್ನು ಕರ್ನಲ್ ಬರೆದವರು ಇಟ್ಟೇ ಇಲ್ಲ. ಟ್ರ್ಯಾಪ್ ಎಂಬ ಸಿ ಫಂಕ್ಷನ್ ಶುರುವಾಗುವಾಗ ಕಂಪೈಲರಿನ ಸಿಎಸ್‌ವಿ ಎಂಬ ತುಣುಕು ತನ್ನ ರೂಢಿಯಂತೆ ಇಟ್ಟಿತು, ಕರ್ನಲ್ ಅದನ್ನೇ ಪ್ರಮಾಣವೆಂದು ಹಿಡಿಯಿತು. ಪಟ್ಟಿಯಲ್ಲಿ -1, -4, -5 ಇಲ್ಲದಿರುವುದನ್ನು ಗಮನಿಸಿದ ಜಿಜ್ಞಾಸುವಿಗೆ ಸಮಾಧಾನ: ಅಲ್ಲಿ ಪ್ರೊಸೆಸರ್ ಸ್ಟೇಟಸ್‌ನ ಹೊಸ ಪ್ರತಿ, ಟ್ರ್ಯಾಪ್ ಸಂಖ್ಯೆ, ಮರಳುವ ವಿಳಾಸ ಇವೆ. ಈ ಕರ್ನಲ್ಲಿಗೆ 1970ರ ದಶಕದಲ್ಲಿ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್ ಸಾಲುಸಾಲಿಗೆ ಭಾಷ್ಯ ಬರೆದರು. ಅದು ಇಪ್ಪತ್ತು ವರ್ಷ ಜೆರಾಕ್ಸ್ ಪ್ರತಿಗಳಲ್ಲಿ ಓಡಾಡಿ 1996ರಲ್ಲಿ ರಾಜಾರೋಷವಾಗಿ ಪ್ರಕಟವಾಯಿತು. ಜೆರಾಕ್ಸ್ ಆಗದ ಭಾಷ್ಯ ಪ್ರಮಾಣಗ್ರಂಥವಾಗುವುದಿಲ್ಲ ಎಂಬುದು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಈಗಲೂ ನಿಂತಿರುವ ನ್ಯಾಯ.

ಶ್ರುತಿಯ ಪರಾಕಾಷ್ಠೆ ಮೊಟೊರೊಲಾ 68020. ಅದರ ಫ್ರೇಮುಗಳು ಹಲವು ನಮೂನೆಯವು. ಯಾವುದೆಂದು ಫ್ರೇಮಿನಲ್ಲೇ ನಾಲ್ಕು ಬಿಟ್ಟಿನ ಸಂಕೇತವಿರುತ್ತದೆ. ಬಿ ನಮೂನೆಯದು ಅತಿ ದೀರ್ಘ: ಹದಿನಾರು ಬಿಟ್ಟಿನ 46 ಪದ. ಸೂಚನೆಯ ನಟ್ಟನಡುವೆ ಬಸ್ ಫಾಲ್ಟ್ ಆದಾಗ ಪ್ರೊಸೆಸರು ತನ್ನ ಅಂತರಂಗವನ್ನೆಲ್ಲ ಸ್ಟ್ಯಾಕಿನ ಮೇಲೆ ತೋಡಿಕೊಳ್ಳುತ್ತದೆ, ಆದರೆ ಅರ್ಥ ಹೇಳುವುದಿಲ್ಲ. ಲಿನಕ್ಸ್‌ನ ಸ್ಟ್ರಕ್ಟಿನಲ್ಲಿ ಇಂಟ್1ರಿಂದ ಇಂಟ್7ರವರೆಗೆ ಹೆಸರು ಪಡೆದವೆಲ್ಲ ಈ ಅಂತರಂಗವೇ. ಕೊನೆಯ ಇಂಟ್7 ಒಂದೇ 18 ಪದ. 46ರಲ್ಲಿ 30 ಪೂರ್ತಿ ಅಜ್ಞೇಯ. ಕರ್ನಲ್ ಇವನ್ನು ಓದಿ ಪ್ರಯೋಜನವಿಲ್ಲ, ತಿದ್ದುವಂತಿಲ್ಲ, ಮರಳುವಾಗ ಹಾಗೆಹಾಗೇ ಒಪ್ಪಿಸಬೇಕು. ಜೊತೆಗಿರುವ ಆವೃತ್ತಿ ಸಂಖ್ಯೆ ಪ್ರೊಸೆಸರಿನದಕ್ಕೆ ತಾಳೆಯಾಗದಿದ್ದರೆ ಅದು ತನ್ನದೇ ಬರಹವನ್ನು ಫಾರ್ಮ್ಯಾಟ್ ಎರರ್ ಎಂದು ತಿರಸ್ಕರಿಸುತ್ತದೆ.

ಸಂಬಂಧದ ರಕ್ಷಣೆಗೆ ಲಿನಕ್ಸ್ ಕಂಡುಕೊಂಡ ಉಪಾಯ ಎಎಸ್‌ಎಂ ಆಫ್‌ಸೆಟ್ಸ್. ಸ್ಟ್ರಕ್ಟಿನ ಅಂತರಗಳನ್ನು ಅಸೆಂಬ್ಲಿಗೆ ತಿಳಿಸಲು ಒಂದು ಸಿ ಕಡತವನ್ನು ಅಸೆಂಬ್ಲಿಯವರೆಗೆ ಮಾತ್ರ ಕಂಪೈಲ್ ಮಾಡಿ, ಹೊರಬಂದ ಪಠ್ಯದಿಂದ ಅಂಕಿಗಳನ್ನು ಸೆಡ್ ಎಂಬ ಉಪಕರಣದಿಂದ ಆರಿಸಿ ಹೆಡರ್ ಕಡತ ಮಾಡುತ್ತಾರೆ. ಆ ಸಿ ಕೋಡು ಒಮ್ಮೆಯೂ ಓಡುವುದಿಲ್ಲ.

ಕಡೆಯದಾಗಿ ಪ್ರಕ್ಷಿಪ್ತದ ಪ್ರಶ್ನೆ. 64 ಬಿಟ್ಟಿನ ಸಿಸ್‌ಕಾಲ್ ಸೂಚನೆ ವೇಗಕ್ಕಾಗಿ ಸ್ಟ್ಯಾಕಿನ ಮೇಲೆ ಏನನ್ನೂ ಇಡುವುದಿಲ್ಲ. ಆರ್‌ಐಪಿಯನ್ನು ಆರ್‌ಸಿಎಕ್ಸ್‌ಗೂ ಫ್ಲ್ಯಾಗುಗಳನ್ನು ಆರ್11ಕ್ಕೂ ಹಾಕಿ ಸುಮ್ಮನಾಗುತ್ತದೆ. ಅರ್ಥಾತ್, ಅತಿ ಹೆಚ್ಚು ನಡೆಯುವ ಪ್ರವೇಶಕ್ಕೇ ಶ್ರುತಿಯಿಲ್ಲ. ಕರ್ನಲ್ ಆಗ ಐದೂ ಪದಗಳನ್ನು ತಾನೇ ಅದೇ ಕ್ರಮದಲ್ಲಿ ತಳ್ಳುತ್ತದೆ. ಎಸ್‌ಎಸ್, ಸಿಎಸ್ ಎರಡಕ್ಕೂ ಸ್ಥಿರಾಂಕ ಬರೆದು ಮುಗಿಸುತ್ತದೆ. ಮರಳುವಾಗ ತನ್ನ ಪ್ರಕ್ಷಿಪ್ತವನ್ನು ತಾನೇ ಪರೀಕ್ಷಿಸುತ್ತದೆ: ಆರ್‌ಸಿಎಕ್ಸ್‌ಗೂ ಆರ್‌ಐಪಿಗೂ, ಆರ್11ಕ್ಕೂ ಫ್ಲ್ಯಾಗುಗಳಿಗೂ ತಾಳೆಯಾದರೆ ಸಿಸ್‌ರೆಟ್ ಎಂಬ ಹತ್ತಿರದ ದಾರಿ, ನಡುವೆ ಡಿಬಗರು ಕೈಯಾಡಿಸಿದ್ದರೆ ಐರೆಟ್‌ಕ್ಯೂ ಎಂಬ ಬಳಸುದಾರಿ. ಐರೆಟ್‌ಕ್ಯೂ ಸಾಚಾ ಯಾವುದು, ಪ್ರಕ್ಷಿಪ್ತ ಯಾವುದು ಎಂದು ನೋಡುವುದಿಲ್ಲ, ಐದು ಪದ ತೆಗೆದುಕೊಂಡು ಹೊರಡುತ್ತದೆ. ಸಿಎಸ್ ಇರಬೇಕಾದಲ್ಲಿ ಅಸಂಬದ್ಧ ಬೆಲೆ ಸಿಕ್ಕರೆ ಹದಿಮೂರನೆಯ ವೆಕ್ಟರು, ಜನರಲ್ ಪ್ರೊಟೆಕ್ಷನ್ ಫಾಲ್ಟ್. ಅದಕ್ಕೆ ಹೊಸದೊಂದು ಫ್ರೇಮ್, ಈ ಸಲ ಎರರ್ ಕೋಡ್ ಸಹಿತ.