ಗಿರಗಿಟ್ಲೆ ಮೀಮಾಂಸೆ: ವಿಳಂಬಿತ ಜಾಲಪುಟ ಮತ್ತು ಪರವೀಕ್ಷಣಾಶಂಕೆಯ ತಾತ್ವಿಕ ನೆಲೆಗಳು

ಜಾಲಪುಟವೊಂದು ತೆರೆಯಲು ತಡಮಾಡಿದಾಗ ಬಳಕೆದಾರನ ಪ್ರಜ್ಞಾವಲಯದಲ್ಲಿ ಘಟಿಸುವ ‘ಯಾರೋ ನೋಡ್ತಿದಾರೆ’ ಎಂಬ ಅನುಭೂತಿಯನ್ನು ಪ್ರಸ್ತುತ ಪ್ರಬಂಧವು ಪರವೀಕ್ಷಣಾಶಂಕೆ ಎಂದು ಗುರುತಿಸಿ, ಅದರೊಂದಿಗೆ ಮುಖಾಮುಖಿಯಾಗಿ, ಸಾಧ್ಯವಾದರೆ ಅನುಸಂಧಾನವನ್ನೂ ನಡೆಸುತ್ತದೆ. ಪ್ರಾಥಮಿಕ ಆಕರ ನಮ್ಮ ಭಾವ. ಅಡಿಕೆ ಧಾರಣೆಯ ಪುಟದಲ್ಲಿ ಗಿರಗಿಟ್ಲೆ ತಿರುಗಲು ಶುರುವಾದರೆ ಸಾಕು, ಅಕ್ಕನ ಸ್ಟಿಕ್ಕರ್ ಬೊಟ್ಟೊಂದನ್ನು ಕಿತ್ತು ಲ್ಯಾಪ್‌ಟಾಪಿನ ಕ್ಯಾಮೆರಾಕ್ಕೆ ಅಂಟಿಸುತ್ತಾರೆ. “ಒಳಗೆ ಯಾರೋ ಕೂತಿದಾರೆ ಕಣಯ್ಯ.”

ಈ ಶಂಕೆಗೆ ಪರಂಪರೆಯಿದೆ. ಲ್ಯಾಂಡ್‌ಲೈನ್ ಯುಗದಲ್ಲಿ ಇದರ ಲಕ್ಷಣ ಕರಕರ ಸದ್ದು. ಕದ್ದಾಲಿಕೆ ಪ್ರಕರಣದಲ್ಲಿ 1988ರಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರೇ ರಾಜೀನಾಮೆ ಕೊಟ್ಟ ಮೇಲಂತೂ, ಮಳೆಗೆ ನೆನೆದ ತಂತಿಯ ಕರಕರಕ್ಕೂ ರಾಜಕೀಯ ಘನತೆ ಬಂತು.

ಶಂಕೆ ಪಂಚವಿಧ. ಮೂರು ಸೆಕೆಂಡಿನದು ಸಾತ್ವಿಕ: ನೆಟ್ ಸ್ಲೋ. ಹತ್ತು ಸೆಕೆಂಡಿನದು ರಾಜಸ: ಪಕ್ಕದ ಮನೆಯವರು ನಮ್ಮ ವೈಫೈ ಹತ್ತಿದ್ದಾರೆ. ಮೂವತ್ತು ದಾಟಿದ್ದು ತಾಮಸ: ದೆಹಲಿ. ಉಳಿದೆರಡು ವಿಧಗಳ ಹೊತ್ತಿಗೆ ವಿಚಾರ ಸಂಕಿರಣದಲ್ಲಿ ಊಟಕ್ಕೆ ಕರೆದರು.

ಸಿದ್ಧಾಂತಪಕ್ಷ ಹೇಳುವುದಿಷ್ಟು: ಪಳಗಿದ ಕಳ್ಳಗಣ್ಣು ತಡಮಾಡಿಸುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಎಟಿ ಅಂಡ್ ಟಿ ಕಟ್ಟಡದ 641ಎ ಕೊಠಡಿಯಲ್ಲಿ ಸರ್ಕಾರಕ್ಕಾಗಿ ನಡೆಯುತ್ತಿದ್ದ ಬೇಹುಗಾರಿಕೆಯ ಗುಟ್ಟನ್ನು ತಂತ್ರಜ್ಞ ಮಾರ್ಕ್ ಕ್ಲೈನ್ 2006ರಲ್ಲಿ ಹೊರಗೆ ಹಾಕಿದರು. ಗಾಜಿನೆಳೆಯಲ್ಲಿ ಹರಿಯುವ ಬೆಳಕನ್ನು ಕವಲೊಡೆಸಿ ಒಂದು ಕವಲನ್ನು ಆ ಕೊಠಡಿಗೆ ತಿರುಗಿಸಿದ್ದರು. ಇನ್ನೊಂದು ತನ್ನ ಪಾಡಿಗೆ ಊರು ಸೇರುತ್ತಿತ್ತು. ಯಾರ ಪುಟವೂ ತಡವರಿಸಲಿಲ್ಲ.

ಹಾಗಾದರೆ ಭಾವನ ಪುಟಕ್ಕೇನಾಗಿತ್ತು? ಬಿಚ್ಚಿ ನೋಡಿದೆ. ನಾಲ್ಕು ಸಾಲಿನ ಧಾರಣೆಯ ಹಿಂದೆ ಜಾಹೀರಾತಿನವರ ಬೇಹಿನ ಸಾಲು. ನಲವತ್ತರವರೆಗೆ ಎಣಿಸಿ ಬಿಟ್ಟೆ. ಭಾವನ ಅನುಮಾನ ಸರಿಯೇ, ಆಳು ಬೇರೆ. ‘ಎಲ್ಲಕ್ಕೂ ಒಪ್ಪಿಗೆ’ ಒತ್ತಿ ಅವರನ್ನೆಲ್ಲ ಒಳಗೆ ಬಿಟ್ಟುಕೊಂಡವರೂ ಭಾವನೇ.

ಇಲ್ಲಿಗೆ ನಕ್ಕು ಮುಗಿಸಬಹುದಿತ್ತು. ಆದರೆ ಭಾವನನ್ನು ನೋಡಿ ನಗುವುದಕ್ಕೆ ನನಗೇನು ಅರ್ಹತೆ? ದೆಹಲಿಯ ಮೇಲಿನ ತಾಮಸ ಶಂಕೆಗೂ ಆಧಾರವಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬತ್ತು ದಾಟಿದ ವಯಸ್ಸಿನಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದರಿಂದ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕೆಂದರು. ಮರುವರ್ಷದ ಡಿಸೆಂಬರ್ 20ರಂದೇ, ಯಾವ ಕಂಪ್ಯೂಟರಿನೊಳಗೂ ಇಣುಕಲು ಹತ್ತು ಸಂಸ್ಥೆಗಳಿಗೆ ಅಧಿಕಾರ ಕೊಟ್ಟ ಕೇಂದ್ರದ ಆದೇಶ ಬಂತು. ಇಣುಕಲು ನ್ಯಾಯಾಧೀಶರ ಸಹಿ ಬೇಡ, ಗೃಹ ಕಾರ್ಯದರ್ಶಿಯದು ಸಾಕು. ಇಣುಕಿದ ಮೇಲಾದರೂ ‘ನಿಮ್ಮನ್ನು ನೋಡಿದೆವು ಮಾರಾಯ್ರೆ’ ಎಂದು ತಿಳಿಸಬೇಕಲ್ಲ? ಅದೂ ಇಲ್ಲ. ಕೇಳಿ ತಿಳಿಯಲು ದಾರಿಯೇ ಇಲ್ಲದ ಮನುಷ್ಯ ಹಲ್ಲಿ ಲೊಚಗುಟ್ಟುವುದಕ್ಕೆ ಕಿವಿಗೊಡದೆ ಇನ್ನೇನು ಮಾಡಿಯಾನು? ಭಾವನಿಗೆ ಗಿರಗಿಟ್ಲೆಯೇ ಹಲ್ಲಿ.

ಮೊನ್ನೆ ಮದುವೆಗೆ ಹೊರಟ ಅಕ್ಕನಿಗೆ ಬೊಟ್ಟಿನ ಚೀಟಿ ಖಾಲಿಯಾಗಿದ್ದು ಕಂಡಿತು. ಸೀದಾ ಬಂದು ಲ್ಯಾಪ್‌ಟಾಪಿನಿಂದ ಒಂದನ್ನು ಕಿತ್ತು ಹಣೆಗಿಟ್ಟುಕೊಂಡಳು. ಭಾವ ಕ್ಯಾಮೆರಾದ ಮೇಲೆ ಹೆಬ್ಬೆರಳೊತ್ತಿ ಕೂತರು. ಧಾರಣೆ ಇನ್ನೂ ತೆರೆದಿರಲಿಲ್ಲ.