ಲೋಟದೊಳಗಿನ ಕವಳ

ದಂತವೈದ್ಯರ ಮಾತಿಗೆ ಕಟ್ಟುಬಿದ್ದು ನಾನು ಕವಳ ಬಿಟ್ಟು ಎರಡು ವರ್ಷವಾಗಿತ್ತು. ಸಾಗರದ ಕಡೆಯ ಅಡಿಕೆ ಬೆಳೆಗಾರ ಕವಳ ಬಿಡುವುದೆಂದರೆ ಭಟ್ಟರು ಗಂಟೆ ಬಾರಿಸುವುದನ್ನು ಬಿಟ್ಟ ಹಾಗೆ. ಆದರೂ ಬಿಟ್ಟಿದ್ದೆ, ಹೆಂಡತಿಯ ಕಾವಲಿನಲ್ಲಿ. ಅದು ಮತ್ತೆ ಬಾಯಿಗೆ ಬಂದದ್ದು ಸ್ಪೇನಿನಲ್ಲಿ, ಅದೂ ದ್ರವರೂಪದಲ್ಲಿ.

ಮಗಳು, ಅಳಿಯ ಇರುವುದು ಬಿಲ್ಬಾವೊದಲ್ಲಿ. ಒಂದು ಶನಿವಾರ ಅಳಿಯ, "ಮಾವ, ರಿಯೋಹಾ ಕಡೆ ಹೋಗಿಬರೋಣ, ಬರೀ ದ್ರಾಕ್ಷಿತೋಟ ನೋಡೋದು" ಎಂದ. ಆ 'ಬರೀ' ಕಿವಿಗೆ ಬಿದ್ದಾಗಲೇ ಅನುಮಾನವಾಯಿತು. ಕೆಲವು ಅನುಮಾನಗಳನ್ನು ಕೆದಕಬಾರದು.

ಆರೋ ಎಂಬ ಊರಲ್ಲಿ ರೈಲು ನಿಲ್ದಾಣದ ಮಗ್ಗುಲಲ್ಲೇ ಸಾಲು ಸಾಲು ವೈನ್ ಮನೆಗಳು. 19ನೇ ಶತಮಾನದಲ್ಲಿ ಫಿಲಾಕ್ಸೆರಾ ಎಂಬ ಹೇನು ಫ್ರಾನ್ಸಿನ ದ್ರಾಕ್ಷಿ ಬೇರನ್ನೆಲ್ಲ ತಿಂದು ಹಾಕಿದಾಗ ಬೋರ್ಡೋ ವ್ಯಾಪಾರಿಗಳು ವೈನ್ ಹುಡುಕುತ್ತ ಇಲ್ಲಿಗೆ ಬಂದರು. ಪೀಪಾಯಿಗಳನ್ನು ರೈಲಿಗೇರಿಸಲು ಸುಲಭವೆಂದು ನಿಲ್ದಾಣದ ಬುಡದಲ್ಲೇ ವಹಿವಾಟು ಬೆಳೆಯಿತು. ನಮ್ಮ ಅಡಿಕೆ ಕೊಳೆರೋಗದಿಂದ ಯಾವ ಊರೂ ಉದ್ಧಾರವಾದದ್ದು ನಾ ಕಾಣೆ.

ನೆಲಮಾಳಿಗೆಯ ತಂಪಿನಲ್ಲಿ 225 ಲೀಟರಿನ ಓಕ್ ಪೀಪಾಯಿಗಳು, ಒಂದರ ಮೇಲೊಂದು. ತೋರಿಸುವ ಹುಡುಗಿ ನಮ್ಮ ಲೋಟಗಳಿಗೆ ಎರಡೆರಡು ಬೆರಳಷ್ಟು ರಿಸರ್ವಾ ಬಗ್ಗಿಸಿದಳು. ದ್ರಾಕ್ಷಿ ಟೆಂಪ್ರಾನಿಯೊ, ಬೇಗ ಹಣ್ಣಾಗುತ್ತದೆಂದೇ ಆ ಹೆಸರು. ಹಣ್ಣಾಗುವುದಷ್ಟೇ ಬೇಗ. ರಿಸರ್ವಾ ಎನ್ನಿಸಿಕೊಳ್ಳಲು ಕಡಿಮೆಯೆಂದರೆ 3 ವರ್ಷ ಕಾಯಬೇಕು, ಅದರಲ್ಲಿ 1 ವರ್ಷವಾದರೂ ಪೀಪಾಯಿಯಲ್ಲಿ. ಗ್ರಾನ್ ರಿಸರ್ವಾಕ್ಕೆ 5 ವರ್ಷ. ಸರ್ಕಾರಿ ನೌಕರಿಯಲ್ಲೂ ಇಷ್ಟು ಉದ್ದದ ಪ್ರೊಬೇಷನ್ ಇಲ್ಲ.

"ಏನು ವಾಸನೆ ಬರುತ್ತಿದೆ?" ಎಂದು ಹುಡುಗಿ ಕೇಳಿದಳು. ಒಬ್ಬಾಕೆ ಕಣ್ಣು ಮುಚ್ಚಿ, ಮಳೆಯಲ್ಲಿ ನೆನೆದ ಕಪ್ಪು ಹಣ್ಣು ಎಂದರು. ಎತ್ತರದ ಮನುಷ್ಯನೊಬ್ಬ ಕುದುರೆಯ ಹಳೇ ಜೀನು ಎಂದ. ನನ್ನ ಸರದಿ ಬಂತು. ಲೋಟದೊಳಗೆ ಮೂಗಿಟ್ಟರೆ ಕೊಬ್ಬರಿ! ಸಂಕೋಚದಿಂದ ಹೇಳಿದೆ, ಅಳಿಯ ಸ್ಪ್ಯಾನಿಷ್‌ಗೆ ತಿರುಗಿಸಿದ. ಹುಡುಗಿ ಚಪ್ಪಾಳೆ ತಟ್ಟಿದಳು. ಅಮೆರಿಕದ ಓಕ್ ಮರದ ಗುಣವೇ ಅದಂತೆ. ಧೈರ್ಯ ಬಂದು "ಲವಂಗ" ಎಂದೆ. ಅದೂ ಸರಿ: ಪೀಪಾಯಿಯ ಒಳಮೈಯನ್ನು ಬೆಂಕಿಯಲ್ಲಿ ಸುಡುತ್ತಾರೆ, ಲವಂಗದ ಘಮಕ್ಕೆ ಕಾರಣವಾದ ವಸ್ತುವೇ ಆ ಮರದಿಂದಲೂ ಹೊರಡುತ್ತದೆ. "ಹೊಗೆಸೊಪ್ಪು" ಎಂದೆ. ಎತ್ತರದ ಮನುಷ್ಯ ನನ್ನತ್ತ ಗೌರವದಿಂದ ತಿರುಗಿದ.

ಆಮೇಲೆ ಕುಡಿದೆ. ಕೆನ್ನೆಯ ಒಳಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳಲು ಹೊರಟವು, ನಾಲಿಗೆ ದೊರಗಾಯಿತು. ಇದನ್ನು ಬಣ್ಣಿಸಲು ಅವರು ಟ್ಯಾನಿನ್, ಹಿಡಿತ, ಮೈಕಟ್ಟು ಎಂದು ಒದ್ದಾಡುತ್ತಿದ್ದರು. ಒಗರು ಎಂದರೆ ಮುಗಿಯಿತಲ್ಲ! ನಮ್ಮ ಅಂಗಳದ ಹಂಡೆಯಲ್ಲಿ ಹೋದ ವರ್ಷದ ಚೊಗರು ಹಾಕಿ ಅಡಿಕೆ ಬೇಯಿಸುವಾಗ ಕೆಂಪಾಗಿ ಕುದಿಯುವುದೂ ಇಂಥದೇ ಟ್ಯಾನಿನ್. ಅಡಿಕೆ, ಲವಂಗ, ಕೊಬ್ಬರಿ, ಹೊಗೆಸೊಪ್ಪು... ಎದೆ ಧಸಕ್ಕೆಂದಿತು. ಎಲೆ, ಸುಣ್ಣ ಬಿಟ್ಟರೆ ಬಾಯಲ್ಲಿದ್ದದ್ದು ಪೂರ್ತಿ ಕವಳ.

ಅಷ್ಟರಲ್ಲಿ ಹುಡುಗಿ ಮುಂದೊಂದು ಪಾತ್ರೆ ತಂದಿಟ್ಟಳು. ರುಚಿ ನೋಡುವವರು ನುಂಗುವುದಿಲ್ಲ, ಉಗುಳುತ್ತಾರಂತೆ. ಪೀಕುದಾನಿ! ಉಳಿದವರು ಗಲ್ಲಕ್ಕೆ ಕರವಸ್ತ್ರ ಹಿಡಿದು, ತೊಟ್ಟಿಕ್ಕಿಸಿಕೊಂಡು ಪರದಾಡಿದರು. ನಾನು ನಲವತ್ತು ವರ್ಷ ಜಗಲಿಯಲ್ಲಿ ಕೂತು ದಾಸವಾಳದ ಬುಡಕ್ಕೆ ಗುರಿಯಿಟ್ಟವನು. ಎರಡು ಮಾರು ದೂರದಿಂದ, ಒಂದು ಹನಿ ಹೊರಗೆ ಬೀಳದಂತೆ ಪಾತ್ರೆಯ ನಡುಮಧ್ಯಕ್ಕೆ ಬಿಟ್ಟೆ. ಈ ಸಲ ಚಪ್ಪಾಳೆ ಎಲ್ಲರದೂ. ಉಗುಳಿದ್ದು ಆ ಒಂದೇ ಗುಟುಕು. ಮಿಕ್ಕಿದ್ದರ ಲೆಕ್ಕ ಬೇಡ.

ವಾಪಸು ಹೊರಡುವಾಗ ಸಂಜೆ ಐದು, ಊರಲ್ಲಿ ರಾತ್ರಿ ಎಂಟೂವರೆ. ಹೆಂಡತಿಯ ವಿಡಿಯೊ ಕರೆ ಬಂತು. ದ್ರಾಕ್ಷಿತೋಟವನ್ನು ವರ್ಣಿಸುತ್ತ ನಕ್ಕೆ, ನಗಬಾರದಿತ್ತು.

"ಹಲ್ಲು ಯಾಕೆ ಕೆಂಪಾಗಿದೆ? ತುಟಿನೂ! ಅಲ್ಲೂ ಕವಳ ಸಿಕ್ತಾ ನಿಮಗೆ?"

ಫೋನಿಗೆ ಕಾಣದಂತೆ ಅಳಿಯ ನನ್ನ ಮೊಣಕೈ ತಿವಿದು ಪಿಸುಗುಟ್ಟಿದ: "ಹೌದು ಅಂದ್ಬಿಡಿ ಮಾವ."