ಬಾಯಿಲ್ಲದ ಚಿಪ್ಪು

ಜಾಲಹಳ್ಳಿ ಎಂದ ಕೂಡಲೆ ಬೆಂಗಳೂರಿನವರು ‘ಓ, ಬಿಇಎಲ್!’ ಎಂದು ಕಣ್ಣರಳಿಸುತ್ತಾರೆ. ನಮ್ಮದು ದೇವದುರ್ಗ ತಾಲೂಕಿನ ಜಾಲಹಳ್ಳಿ ಸ್ವಾಮಿ. ಇಲ್ಲಿನ ಎಲೆಕ್ಟ್ರಾನಿಕ್ಸ್ ಉದ್ಯಮವೆಂದರೆ ಪಡಸಾಲೆ, ಒಂದು ಸೋಲ್ಡರಿಂಗ್ ಕಡ್ಡಿ ಮತ್ತು ನಾನು.

ಹಿತ್ತಲ ಬೋರಿನ ಮೋಟರ್ ಸುದ್ದಿಯನ್ನು ಬ್ಲೂಟೂತ್ ಮೂಲಕ ಅಪ್ಪನ ಫೋನಿಗೆ ಮುಟ್ಟಿಸಲು ಎಟಿಟೈನಿ13 ಎಂಬ ಪುಟ್ಟ ಚಿಪ್ಪು ತಂದೆ. ಎಂಟು ಕಾಲು, 1 ಕೆಬಿ ಫ್ಲ್ಯಾಶ್, 64 ಬೈಟ್ ರ‍್ಯಾಮ್. ಮಾತಾಡಲು ಬೇಕಾದ ಯುಎಆರ್‌ಟಿ ಮಾತ್ರ ಇಲ್ಲವೇ ಇಲ್ಲ. ಮೂಗನನ್ನು ಸಂತೆಗೆ ಚೌಕಾಸಿಗೆ ಕಳಿಸಿದ ಹಾಗೆ. ಇನ್ನು ಕಾಲಿನಿಂದಲೇ ಮಾತಾಡಿಸಬೇಕು. ಒಂದು ಕಾಲು ಇಳಿಸಿದರೆ ಸ್ಟಾರ್ಟ್ ಬಿಟ್, ಆಮೇಲೆ ಎಂಟು ಬಿಟ್, ಎತ್ತಿದರೆ ಸ್ಟಾಪ್. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಒಂದೊಂದಕ್ಕೂ 104 ಮೈಕ್ರೋಸೆಕೆಂಡ್, ಸೈಕಲ್ ಎಣಿಸೆಣಿಸಿ.

“ಏನ್ ಎಣಸಾಕತ್ತಿಯೋ?” ಅಂದಳು ಅವ್ವ.

“ಟೈಮು, ಯವ್ವಾ.”

“ಮದುವಿ ವಯಸ್ಸು ದಾಟಾಕತ್ತೈತಿ, ಅದನ್ನ ಎಣಸು.”

ಬೆಳಗಿನ ತಂಪಿನಲ್ಲಿ ಎಲ್ಲ ಸರಿಯಿತ್ತು. ಮಧ್ಯಾಹ್ನ ನಮ್ಮ ರಾಯಚೂರು ಸೀಮೆಯ ಬಿಸಿಲಿಗೆ ಚಿಪ್ಪಿನೊಳಗಿನ ಆರ್‌ಸಿ ಗಡಿಯಾರವೂ ಜಾರಿತು. ಗಡಿಯಾರ ನೂರಕ್ಕೆ ಐದರಷ್ಟು ತಪ್ಪಿದರೂ ಹತ್ತನೆಯ ಬಿಟ್ಟಿನ ಹೊತ್ತಿಗೆ ಅರ್ಧ ಬಿಟ್ಟು ಆಚೀಚೆ. ಅಕ್ಷರ ಕೆಟ್ಟಿತೆಂದೇ ಲೆಕ್ಕ. ‘ಮೋಟರ್ ಆನ್’ ಬರಬೇಕಾದಲ್ಲಿ ಪ್ರಶ್ನೆಚಿಹ್ನೆಗಳ ಸಾಲು.

ಅಪ್ಪ ಫೋನು ನೋಡಿದ. “ತಮ್ಮಾ, ಇದು ಹೇಳವಲ್ದು, ನನಗೇ ಕೇಳಾಕತ್ತೈತಲ್ಲೋ!” ಹಿತ್ತಲಿಗೆ ಹೋಗಿ ಮೋಟರಿಗೆ ಕಿವಿಗೊಟ್ಟು ಅಲ್ಲಿಂದಲೇ ಕೂಗಿದ: “ಆನ್ ಐತಿ!”

ಚಿಪ್ಪು ಈಗ ನೀರಿನ ಮಡಕೆಯ ಪಕ್ಕದಲ್ಲಿದೆ.